ಮೊದಲು ಕಾಗದ, ಆಮೇಲೆ ಮಾತು: ಉದ್ಯಮದ ಬೌದ್ಧಿಕ ಆಸ್ತಿಯನ್ನು ಕಾಪಾಡಿಕೊಳ್ಳುವ ಬಗೆ

ರಕ್ತದಲ್ಲಿ ಎಚ್‌ಐವಿ ವೈರಾಣುವಿನ ಪ್ರಮಾಣವನ್ನು ಅಳೆಯುವ ಪರೀಕ್ಷಾ ವಿಧಾನವೊಂದರ ವಿಚಾರದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೂ ರೋಶ್ ಕಂಪನಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಸಂಶೋಧಕರೊಬ್ಬರು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದ ಕಾಗದದಲ್ಲಿ ‘ಹಕ್ಕನ್ನು ವರ್ಗಾಯಿಸಲು ಒಪ್ಪುತ್ತೇನೆ’ ಎಂದಿತ್ತು. ಅದೇ ಸಂಶೋಧಕರು ಮುಂದೆ ಸೀಟಸ್ ಎಂಬ ಕಂಪನಿಯ ಪ್ರಯೋಗಾಲಯಕ್ಕೆ ಕಲಿಯಲು ಹೋದಾಗ ಸಹಿ ಹಾಕಿದ ಕಾಗದದಲ್ಲಿ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂದಿತ್ತು. ಮೊದಲನೆಯದು ಮುಂದೆಂದೋ ಕೊಡುತ್ತೇನೆ ಎಂಬ ಮಾತು. ಎರಡನೆಯದು ಆಗಲೇ ಕೊಟ್ಟಾಯಿತು ಎಂಬ ಬರಹ. ಸೀಟಸ್‌ನ ಆ ವ್ಯವಹಾರವನ್ನು ಕೊಂಡುಕೊಂಡಿದ್ದ ರೋಶ್ ಕಂಪನಿಗೆ ಹಕ್ಕಿನಲ್ಲಿ ಪಾಲು ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಸ್ಟ್ಯಾನ್‌ಫರ್ಡ್‌ಗೆ ಗೆಲುವು ದೊರೆಯಲಿಲ್ಲ.

ಅಲ್ಲಿ ಯಾರೂ ಏನನ್ನೂ ಕದ್ದಿರಲಿಲ್ಲ. ಬೌದ್ಧಿಕ ಆಸ್ತಿಯ ವಿಚಾರದಲ್ಲಿ ನಾನು ಮತ್ತೆ ಮತ್ತೆ ಕಂಡುಕೊಂಡ ಸಂಗತಿಯೂ ಇದೇ: ಎದುರಾಳಿ ಕದಿಯುವುದಕ್ಕಿಂತ ಮೊದಲೇ ನಾವೇ ನಮ್ಮ ಕೈಯಾರೆ ಹಕ್ಕನ್ನು ಕಳೆದುಕೊಂಡಿರುತ್ತೇವೆ. ಸಹಿ ಹಾಕಿಸಿಕೊಳ್ಳುವ ಮೊದಲು ಕೆಲಸ ಮಾಡಿಸಿರುತ್ತೇವೆ, ಅರ್ಜಿ ಹಾಕುವ ಮೊದಲು ಎಲ್ಲರೆದುರು ತೋರಿಸಿರುತ್ತೇವೆ, ಹುಡುಕಿ ನೋಡುವ ಮೊದಲು ಹೆಸರಿಟ್ಟಿರುತ್ತೇವೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಏನು ಮಾಡಬೇಕು ಎಂಬುದರಷ್ಟೇ ಯಾವುದನ್ನು ಮೊದಲು ಮಾಡಬೇಕು ಎಂಬುದಕ್ಕೂ ಒತ್ತು ಕೊಟ್ಟಿದ್ದೇನೆ. ಕಾನೂನಿನ ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಅರ್ಜಿ ಬರೆಯುವ ಹಂತಕ್ಕೆ ಬಂದಾಗ ಆಯಾ ದೇಶದ ವಕೀಲರ ನೆರವು ಬೇಕೇ ಬೇಕು. ಆದರೆ ವಕೀಲರ ಬಳಿಗೆ ಹೋಗುವ ಮೊದಲು ಮಾಡಿ ಮುಗಿಸಬೇಕಾದ ಕೆಲಸವೇ ಸಾಕಷ್ಟಿದೆ.

ಮೊದಲ ಹೆಜ್ಜೆ: ಇರುವುದೇನು ಎಂದು ಪಟ್ಟಿ ಮಾಡಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ನಿಮ್ಮ ಉದ್ಯಮ ಸೃಷ್ಟಿಸಿದ, ಪ್ರತಿಸ್ಪರ್ಧಿಗೆ ಸಿಕ್ಕರೆ ನಿಮಗೆ ನಷ್ಟವಾಗುವ ಪ್ರತಿಯೊಂದನ್ನೂ ಅದರಲ್ಲಿ ಬರೆಯಿರಿ. ಉತ್ಪನ್ನದ ಹೆಸರು, ಲಾಂಛನ, ತಂತ್ರಾಂಶದ ಸಂಕೇತ (ಕೋಡ್), ತಯಾರಿಕೆಯ ವಿಧಾನ, ಹೊರರೂಪ, ಗ್ರಾಹಕರ ಮಾಹಿತಿ, ಬೆಲೆ ನಿಗದಿ ಮಾಡುವ ಲೆಕ್ಕಾಚಾರ, ತರಬೇತಿಯ ಕೈಪಿಡಿ ಎಲ್ಲವೂ ಬರಲಿ. ವಿಫಲವಾದ ಪ್ರಯೋಗಗಳ ದಾಖಲೆಯನ್ನೂ ಬಿಡಬೇಡಿ. ಯಾವ ದಾರಿ ಫಲಿಸಲಿಲ್ಲ ಎಂಬ ತಿಳಿವಳಿಕೆ ಎದುರಾಳಿಯ ಎಷ್ಟೋ ತಿಂಗಳ ಶ್ರಮವನ್ನು ಉಳಿಸಬಲ್ಲದು.

ಪ್ರತಿ ಸಾಲಿನ ಮುಂದೆ ನಾಲ್ಕು ಸಂಗತಿಗಳನ್ನು ತುಂಬಿ: ಇದನ್ನು ಮಾಡಿದವರು ಯಾರು, ಯಾವಾಗ, ಆಗ ಅವರೊಂದಿಗೆ ಯಾವ ಒಪ್ಪಂದವಿತ್ತು, ಹೊರಗಿನ ಯಾರು ಯಾರು ಇದನ್ನು ನೋಡಿದ್ದಾರೆ. ಖಾಲಿ ಉಳಿಯುವ ಚೌಕಗಳೇ ನಿಮ್ಮ ಮುಂದಿನ ಕೆಲಸದ ಪಟ್ಟಿ.

ಆಮೇಲೆ ಪ್ರತಿಯೊಂದೂ ಯಾವ ಹಕ್ಕಿನ ಅಡಿಯಲ್ಲಿ ಬರುತ್ತದೆ ಎಂದು ಗುರುತಿಸಿ. ಹೊಸ ಆವಿಷ್ಕಾರಕ್ಕೆ ಪೇಟೆಂಟ್. ಅದರ ಅವಧಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಹೆಸರು, ಲಾಂಛನಗಳಿಗೆ ಟ್ರೇಡ್‌ಮಾರ್ಕ್. ಬಳಸುತ್ತಾ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ಬರಹ, ಚಿತ್ರ, ಸಂಗೀತ, ತಂತ್ರಾಂಶಗಳಿಗೆ ಕೃತಿಸ್ವಾಮ್ಯ. ವಸ್ತುವಿನ ಹೊರರೂಪಕ್ಕೆ ವಿನ್ಯಾಸದ ನೋಂದಣಿ. ಹೊರಗೆ ಹೇಳದೆ ಇಟ್ಟುಕೊಂಡ ಉಪಯುಕ್ತ ತಿಳಿವಳಿಕೆ ವ್ಯಾಪಾರ ರಹಸ್ಯ. ಒಂದೇ ವಸ್ತುವಿಗೆ ಈ ಐದೂ ಅನ್ವಯಿಸಬಹುದು. ಯಂತ್ರದೊಳಗಿನ ಕಾರ್ಯವಿಧಾನಕ್ಕೆ ಪೇಟೆಂಟ್, ಅದರ ಆಕಾರಕ್ಕೆ ವಿನ್ಯಾಸದ ಹಕ್ಕು, ಅದನ್ನು ನಡೆಸುವ ಸಂಕೇತಕ್ಕೆ ಕೃತಿಸ್ವಾಮ್ಯ, ಮೇಲಿನ ಹೆಸರಿಗೆ ಟ್ರೇಡ್‌ಮಾರ್ಕ್, ಕಾರ್ಖಾನೆಯಲ್ಲಿ ಅದನ್ನು ಹದಗೊಳಿಸುವ ಕ್ರಮಕ್ಕೆ ರಹಸ್ಯದ ರಕ್ಷಣೆ. ಬರೀ ‘ಐಡಿಯಾ’ಕ್ಕೆ ಮಾತ್ರ ಇವುಗಳಲ್ಲಿ ಯಾವುದೂ ಆಸರೆಯಾಗದು. ಅದನ್ನು ರೂಪಕ್ಕೆ ತರಬೇಕು, ಇಲ್ಲವೇ ಗುಟ್ಟಾಗಿ ಇಟ್ಟುಕೊಳ್ಳಬೇಕು.

ಎರಡನೆಯ ಹೆಜ್ಜೆ: ಅದು ನಿಜವಾಗಿ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ.

‘ಹಣ ಕೊಟ್ಟಿದ್ದೇನೆ, ಆದ್ದರಿಂದ ಅದು ನನ್ನದು’ ಎಂಬ ನಂಬಿಕೆ ಸಹಜವಾದದ್ದೇ. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಖಾಯಂ ನೌಕರರು ಕೆಲಸದ ಭಾಗವಾಗಿ ಸೃಷ್ಟಿಸಿದ್ದು ಬಹುತೇಕ ದೇಶಗಳಲ್ಲಿ ಉದ್ಯೋಗದಾತರಿಗೆ ಸೇರುತ್ತದೆ ಅಥವಾ ಅವರು ಅದನ್ನು ಪಡೆದುಕೊಳ್ಳಬಹುದು. ಹೊರಗಿನಿಂದ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಟ್ಟವರ ವಿಷಯ ಬೇರೆ. ಲಾಂಛನ ಬರೆದ ಕಲಾವಿದೆ, ಜಾಲತಾಣ ಕಟ್ಟಿಕೊಟ್ಟ ಪ್ರೋಗ್ರಾಮರ್, ಛಾಯಾಗ್ರಾಹಕ ಇವರ ಕೃತಿಸ್ವಾಮ್ಯ ಲಿಖಿತ ವರ್ಗಾವಣೆ ಇಲ್ಲದಿದ್ದರೆ ಸಾಮಾನ್ಯವಾಗಿ ಅವರ ಬಳಿಯೇ ಉಳಿಯುತ್ತದೆ. ನಿಮಗೆ ಸಿಗುವುದು ಬಳಸಿಕೊಳ್ಳುವ ಅನುಮತಿಯಷ್ಟೇ, ಅದರ ಎಲ್ಲೆಯೂ ಅಸ್ಪಷ್ಟ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇಂಥದ್ದೇ ಪ್ರಕರಣ. ಸಂಸ್ಥೆಯೊಂದು ಹಣ ಕೊಟ್ಟು, ಸೂಚನೆಗಳನ್ನೂ ಕೊಟ್ಟು ಶಿಲ್ಪ ಮಾಡಿಸಿತ್ತು. ಶಿಲ್ಪಿ ಸಂಸ್ಥೆಯ ನೌಕರರಲ್ಲ, ಆದ್ದರಿಂದ ಅದು ತಾನೇ ತಾನಾಗಿ ಸಂಸ್ಥೆಯ ಕೃತಿಯಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

ಹಾಗಾಗಿ ಪಟ್ಟಿಯ ಪ್ರತಿ ಹೆಸರಿಗೂ ಸಹಿಯಾದ ವರ್ಗಾವಣೆ ಪತ್ರವಿದೆಯೇ ಎಂದು ನೋಡಿ. ಕಾಗದದ ಭಾಷೆ ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದಿರಬಾರದು, ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂದೇ ಇರಬೇಕು. ಕೆಲಸ ಶುರುವಾಗುವ ಮೊದಲೇ ಸಹಿ ಆಗಲಿ. ಕೊನೆಯ ಕಂತಿನ ಹಣ ಕೊಟ್ಟ ಮೇಲೆ ಕೇಳಿದರೆ ಎದುರಿನವರಿಗೆ ಸಹಿ ಹಾಕುವ ಅವಸರವೇನೂ ಇರುವುದಿಲ್ಲ.

ಸಂಸ್ಥಾಪಕರನ್ನು ಈ ಪರಿಶೀಲನೆಯಿಂದ ಹೊರಗಿಡಬೇಡಿ. ಕಂಪನಿ ನೋಂದಣಿಯಾಗುವ ಮೊದಲು ಮೂವರು ಗೆಳೆಯರು ಸೇರಿ ಬರೆದ ಸಂಕೇತ ಆ ಮೂವರದ್ದೇ; ಕಂಪನಿ ಆಗಿನ್ನೂ ಹುಟ್ಟಿರಲೇ ಇಲ್ಲ. ಅವರಲ್ಲೊಬ್ಬರು ಆಗ ಬೇರೆ ಕಡೆ ಉದ್ಯೋಗದಲ್ಲಿದ್ದರೆ ಅವರ ಹಳೆಯ ಉದ್ಯೋಗದಾತರಿಗೂ ಅದರಲ್ಲಿ ಹಕ್ಕು ಇರಬಹುದು. ಸ್ನೇಹ ಗಟ್ಟಿಯಾಗಿರುವಾಗಲೇ ಎಲ್ಲರೂ ಕಂಪನಿಗೆ ಬರೆದುಕೊಟ್ಟುಬಿಡಿ. ಜಂಟಿ ಒಡೆತನವನ್ನು ಸಾಧ್ಯವಾದಷ್ಟೂ ತಪ್ಪಿಸಿ ಎಂಬುದು ನನ್ನ ದೃಢವಾದ ಸಲಹೆ. ಅಮೆರಿಕದಲ್ಲಿ ಪೇಟೆಂಟಿನ ಒಬ್ಬ ಪಾಲುದಾರ ಇನ್ನೊಬ್ಬರನ್ನು ಕೇಳದೆಯೇ ಮೂರನೆಯವರಿಗೆ ಪರವಾನಗಿ ಕೊಡಬಹುದು. ಬ್ರಿಟನ್ನಿನಲ್ಲಿ ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು. ಎರಡೂ ಕಡೆ ಜಗಳಕ್ಕೆ ದಾರಿ ತೆರೆದೇ ಇರುತ್ತದೆ.

ಇನ್ನೆರಡು ಬಿರುಕುಗಳಿವೆ. ಒಂದು, ಮುಕ್ತ ತಂತ್ರಾಂಶ. ಜಿಪಿಎಲ್ ಎಂಬ ಮುಕ್ತ ಪರವಾನಗಿಯಂಥದ್ದನ್ನು ಹೊತ್ತ ಸಂಕೇತವನ್ನು ನಿಮ್ಮ ಉತ್ಪನ್ನದಲ್ಲಿ ಬೆರೆಸಿ ಹಂಚಿದರೆ ನಿಮ್ಮ ಸಂಕೇತವನ್ನೂ ಅದೇ ಷರತ್ತಿನ ಮೇಲೆ ತೆರೆದಿಡಬೇಕಾಗಬಹುದು. ಯಾವ ಭಾಗ ಎಲ್ಲಿಂದ ಬಂತು ಎಂಬ ದಾಖಲೆ ಇಟ್ಟುಕೊಳ್ಳಿ. ಇನ್ನೊಂದು, ಕೃತಕ ಬುದ್ಧಿಮತ್ತೆ. ಮನುಷ್ಯರ ಸೃಜನಶೀಲ ಪಾಲು ಇಲ್ಲದೆ ಪೂರ್ತಿಯಾಗಿ ಯಂತ್ರವೇ ರಚಿಸಿದ್ದಕ್ಕೆ ಅಮೆರಿಕದಲ್ಲಿ ಕೃತಿಸ್ವಾಮ್ಯ ಸಿಗುವುದಿಲ್ಲ. ನಿಮ್ಮ ಲಾಂಛನವನ್ನೋ ಕೈಪಿಡಿಯನ್ನೋ ಹಾಗೆ ಮಾಡಿಸಿದ್ದರೆ ಅದರಲ್ಲಿ ಮನುಷ್ಯರ ಕೆಲಸ ಎಲ್ಲಿ, ಎಷ್ಟಿದೆ ಎಂಬುದಕ್ಕೆ ಕರಡುಗಳನ್ನು ಉಳಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಗುಟ್ಟನ್ನು ಗುಟ್ಟಾಗಿ ನಡೆಸಿಕೊಳ್ಳಿ

ಬೌದ್ಧಿಕ ಆಸ್ತಿಯ ಕುರಿತಾದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಜಾರಿಗೆ ಬಂದದ್ದು 1995ರಲ್ಲಿ. ಅದರ 39ನೆಯ ವಿಧಿ ವ್ಯಾಪಾರ ರಹಸ್ಯಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತದೆ. ಮಾಹಿತಿ ಆ ಕ್ಷೇತ್ರದವರಿಗೆ ಸಾಮಾನ್ಯವಾಗಿ ಗೊತ್ತಿರಬಾರದು, ಗುಟ್ಟಾಗಿರುವ ಕಾರಣದಿಂದಲೇ ಅದಕ್ಕೆ ವಾಣಿಜ್ಯ ಮೌಲ್ಯ ಇರಬೇಕು, ಅದನ್ನು ಗುಟ್ಟಾಗಿಡಲು ಒಡೆಯರು ತಕ್ಕ ಕ್ರಮ ಕೈಗೊಂಡಿರಬೇಕು. ವ್ಯಾಜ್ಯಗಳು ಎಡವುವುದು ಮೂರನೆಯದರಲ್ಲಿ. ಎಲ್ಲ ನೌಕರರೂ ತೆರೆಯಬಹುದಾದ ಫೋಲ್ಡರಿನಲ್ಲಿ ಸೂತ್ರವನ್ನಿಟ್ಟು ಆಮೇಲೆ ‘ಅದು ರಹಸ್ಯವಾಗಿತ್ತು’ ಎಂದರೆ ನ್ಯಾಯಾಧೀಶರು ಒಪ್ಪುವುದು ಕಷ್ಟ.

ಮಾಡಬೇಕಾದದ್ದು ಇಷ್ಟು. ನಿಜವಾಗಿ ಗುಟ್ಟಾಗಿರಬೇಕಾದ ಕೆಲವನ್ನು ಆರಿಸಿ ಅವುಗಳ ಮೇಲೆ ‘ಗೋಪ್ಯ’ ಎಂದು ನಮೂದಿಸಿ. ಎಲ್ಲದರ ಮೇಲೂ ಹಾಗೆ ಬರೆದರೆ ಆ ಪದಕ್ಕೆ ಬೆಲೆ ಉಳಿಯದು. ಕೆಲಸಕ್ಕೆ ಅಗತ್ಯವಿರುವವರಿಗೆ ಮಾತ್ರ ಅವು ಸಿಗುವಂತೆ ಮಾಡಿ, ಯಾರು ಯಾವಾಗ ತೆರೆದರು ಎಂಬ ದಾಖಲೆ ತಾನಾಗಿ ಉಳಿಯಲಿ. ಪ್ರಕ್ರಿಯೆ ಉದ್ದವಾಗಿದ್ದರೆ ಅದನ್ನು ಹಂಚಿ, ಒಬ್ಬರಿಗೇ ಪೂರ್ತಿ ತಿಳಿಯದಂತೆ ನೋಡಿಕೊಳ್ಳಿ. ಹೊರಗಿನವರೊಂದಿಗೆ ಮಾತಿಗೆ ಕೂರುವ ಮೊದಲು ಗೋಪ್ಯತಾ ಒಪ್ಪಂದಕ್ಕೆ ಸಹಿಯಾಗಲಿ, ಅದರಲ್ಲಿ ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂಬುದು ಬಿಡಿಸಿ ಬರೆದಿರಲಿ. ಹೂಡಿಕೆದಾರರಲ್ಲಿ ಅನೇಕರು ಅಂಥ ಕಾಗದಕ್ಕೆ ಸಹಿ ಹಾಕುವುದಿಲ್ಲ. ಅವರ ಮುಂದೆ ಉತ್ಪನ್ನ ಏನು ಮಾಡುತ್ತದೆ ಎಂದು ಹೇಳಿ. ಹೇಗೆ ಮಾಡುತ್ತದೆ ಎಂದು ಹೇಳಬೇಡಿ.

ಕೆಲಸ ಬಿಟ್ಟು ಹೋಗುವವರ ಕೊನೆಯ ದಿನ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಖಾತೆಗಳನ್ನು ಮುಚ್ಚಿ, ಉಪಕರಣಗಳನ್ನು ಹಿಂಪಡೆಯಿರಿ, ಗೋಪ್ಯತೆಯ ಹೊಣೆ ಮುಂದೆಯೂ ಇರುತ್ತದೆ ಎಂದು ಗೌರವದಿಂದಲೇ ನೆನಪಿಸಿ ಸಹಿ ಪಡೆಯಿರಿ. ಹೊಸಬರು ಸೇರುವಾಗಲೂ ಇದೇ ಎಚ್ಚರ ಬೇಕು: ಹಳೆಯ ಉದ್ಯೋಗದಾತರ ಯಾವ ಕಡತವನ್ನೂ ತರಕೂಡದು ಎಂದು ಬರವಣಿಗೆಯಲ್ಲಿ ಹೇಳಿ. ಕದ್ದ ಗುಟ್ಟು ನಿಮ್ಮ ಕಂಪ್ಯೂಟರಿನಲ್ಲಿ ಸಿಕ್ಕರೆ ಆರೋಪಿಯ ಸ್ಥಾನದಲ್ಲಿ ನಿಲ್ಲುವವರು ನೀವು. ಹೊರಗಿನ ಚಾಟ್‌ಬಾಟ್‌ಗಳಿಗೆ ಸೂತ್ರ, ಸಂಕೇತ, ಗ್ರಾಹಕರ ಪಟ್ಟಿ ಸುರಿಯುವ ಅಭ್ಯಾಸಕ್ಕೂ ಸ್ಪಷ್ಟವಾದ ನಿಯಮ ಬೇಕು.

ನಾಲ್ಕನೆಯ ಹೆಜ್ಜೆ: ಆವಿಷ್ಕಾರವನ್ನು ತೋರಿಸುವ ಮೊದಲು ಅರ್ಜಿ ಹಾಕಿ

ಪೇಟೆಂಟಿಗೆ ಆವಿಷ್ಕಾರ ಜಗತ್ತಿಗೇ ಹೊಸದಾಗಿರಬೇಕು, ಆ ವಿಷಯ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರುವಂತಿರಬೇಕು. ‘ಹೊಸದು’ ಎಂಬುದನ್ನು ಹಾಳುಮಾಡುವವರಲ್ಲಿ ಆವಿಷ್ಕಾರಕರೇ ಮೊದಲಿಗರು. ಸಮ್ಮೇಳನದಲ್ಲಿ ಒಂದು ಭಾಷಣ, ವೀಡಿಯೊ ಒಂದು, ಮಾದರಿಯ ಮಾರಾಟ ಒಂದು ಸಾಕು. ಅಮೆರಿಕ, ಜಪಾನ್‌ಗಳಲ್ಲಿ ಹೀಗೆ ತಾವೇ ಬಹಿರಂಗಪಡಿಸಿದವರಿಗೆ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನ ಪೇಟೆಂಟ್ ಒಪ್ಪಂದದಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಇವತ್ತು ಜಾಲತಾಣದಲ್ಲಿ ವಿವರ ಹಾಕಿ ನಾಳೆ ಅರ್ಜಿ ಹಾಕುವಷ್ಟು ಹೊತ್ತಿಗೆ ಯುರೋಪಿನ ಹಕ್ಕು ಅಪಾಯಕ್ಕೆ ಸಿಕ್ಕಿರಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ಕಾಲದ ಲೆಕ್ಕ ಹೀಗೆ ನಡೆಯುತ್ತದೆ. ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಬೇರೆ ದೇಶಗಳಲ್ಲಿ ಅರ್ಜಿ ಹಾಕಿದರೆ, 1883ರ ಪ್ಯಾರಿಸ್ ಒಪ್ಪಂದದಂತೆ, ಮೊದಲ ದಿನಾಂಕವೇ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ. ಪೇಟೆಂಟ್ ಸಹಕಾರ ಒಪ್ಪಂದದ ಮೂಲಕ ಒಂದೇ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ಯಾವ ಯಾವ ದೇಶಕ್ಕೆ ಹೋಗಬೇಕು ಎಂದು ತೀರ್ಮಾನಿಸಲು ಮೊದಲ ದಿನದಿಂದ ಸಾಮಾನ್ಯವಾಗಿ 30 ತಿಂಗಳು ಸಮಯ ಸಿಗುತ್ತದೆ. 18 ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಅಲ್ಲಿಂದಾಚೆಗೆ ಅದು ಗುಟ್ಟಲ್ಲ. ‘ಜಾಗತಿಕ ಪೇಟೆಂಟ್’ ಎಂಬುದೊಂದು ಇಲ್ಲವೇ ಇಲ್ಲ, ಹಕ್ಕು ಸಿಗುವುದು ಆಯಾ ದೇಶದಲ್ಲಿ ಅಥವಾ ಪ್ರಾದೇಶಿಕ ಕಚೇರಿಯಲ್ಲಿ.

ಹಾಗಾದರೆ ಪೇಟೆಂಟ್ ಪಡೆಯುವುದೋ, ಗುಟ್ಟಾಗಿ ಇಡುವುದೋ? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಮಾರುಕಟ್ಟೆಯಿಂದ ವಸ್ತುವನ್ನು ಕೊಂಡು ಬಿಚ್ಚಿ ನೋಡಿದವರಿಗೆ ಇದು ತಿಳಿಯುತ್ತದೆಯೇ? ತಿಳಿಯುತ್ತದೆ ಎಂದಾದರೆ ಪೇಟೆಂಟ್ ಪಡೆಯಿರಿ, ಏಕೆಂದರೆ ಬಿಚ್ಚಿ ನೋಡಿ ಕಲಿಯುವುದು ವ್ಯಾಪಾರ ರಹಸ್ಯದ ಉಲ್ಲಂಘನೆಯಲ್ಲ. ಅಮೆರಿಕ, ಯುರೋಪ್ ಎರಡೂ ಕಡೆ 2016ರ ಕಾನೂನುಗಳು ಇದನ್ನು ಸ್ಪಷ್ಟಪಡಿಸಿವೆ. ತಿಳಿಯುವುದಿಲ್ಲ ಎಂದಾದರೆ ಗುಟ್ಟಿನ ದಾರಿ ಅಗ್ಗವೂ ಹೌದು, ದೀರ್ಘವೂ ಹೌದು. ಡಬ್ಲ್ಯೂಡಿ-40 ಎಂಬ ತುಕ್ಕುನಿರೋಧಕ ದ್ರವ 1953ರದು. ಅದರ ಸೂತ್ರಕ್ಕೆ ಪೇಟೆಂಟ್ ತೆಗೆದುಕೊಳ್ಳಲೇ ಇಲ್ಲ. ತೆಗೆದುಕೊಂಡಿದ್ದರೆ ಸೂತ್ರವನ್ನು ಬಹಿರಂಗಪಡಿಸಬೇಕಾಗುತ್ತಿತ್ತು, ಅವಧಿ ಮುಗಿದ ಮೇಲೆ ಅದು ಎಲ್ಲರ ಪಾಲಾಗುತ್ತಿತ್ತು.

ಅನೇಕರು ತಪ್ಪು ತಿಳಿಯುವ ಮಾತೊಂದಿದೆ. ಪೇಟೆಂಟ್ ನಿಮಗೆ ಇತರರನ್ನು ತಡೆಯುವ ಹಕ್ಕು ಕೊಡುತ್ತದೆ, ತಯಾರಿಸುವ ಅನುಮತಿಯನ್ನಲ್ಲ. ನಿಮ್ಮ ಸುಧಾರಣೆಗೆ ಪೇಟೆಂಟ್ ಇದ್ದರೂ ಅದು ನಿಂತಿರುವ ಮೂಲ ತಂತ್ರದ ಪೇಟೆಂಟ್ ಇನ್ನೊಬ್ಬರ ಬಳಿ ಇರಬಹುದು. ಪೋಲರಾಯ್ಡ್ ಹೂಡಿದ ದಾವೆಯಲ್ಲಿ ಸೋತ ಕೊಡಾಕ್ 1986ರಲ್ಲಿ ತಕ್ಷಣ ಫೋಟೊ ಕೊಡುವ ಕ್ಯಾಮೆರಾಗಳ ವ್ಯವಹಾರವನ್ನೇ ಮುಚ್ಚಬೇಕಾಯಿತು, 1991ರಲ್ಲಿ 92.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿತು. ಆದ್ದರಿಂದ ಹಣ ಹೂಡುವ ಮೊದಲು ಪೇಟೆಂಟ್ ದಾಖಲೆಗಳ ಜಾಲತಾಣಗಳಾದ ಎಸ್ಪಾಸೆನೆಟ್, ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್‌ಗಳಲ್ಲಿ ಹುಡುಕಿ. ಮೂರೂ ಉಚಿತ. ಆದರೆ ಪ್ರಕಟವಾಗದ ಅರ್ಜಿಗಳು ಅಲ್ಲಿ ಕಾಣುವುದಿಲ್ಲ.

ಐದನೆಯ ಹೆಜ್ಜೆ: ಹೆಸರನ್ನು ಹುಡುಕಿ ನೋಡಿ ಇಡಿ, ಇಟ್ಟ ಮೇಲೆ ನೋಂದಾಯಿಸಿ

ಕಂಪನಿಯ ಹೆಸರು ನೋಂದಣಿಯಾಯಿತು, ಡೊಮೇನ್ ಹೆಸರೂ ಸಿಕ್ಕಿತು, ಇನ್ನೇನು ಚಿಂತೆ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಆ ಎರಡೂ ಟ್ರೇಡ್‌ಮಾರ್ಕ್ ಹಕ್ಕನ್ನು ಕೊಡುವುದಿಲ್ಲ.

ಹೆಸರಿನ ಬಲ ಅದರ ಆಯ್ಕೆಯಲ್ಲಿದೆ. ವಸ್ತುವಿನ ಗುಣವನ್ನೇ ಹೇಳುವ ಹೆಸರು ಮಾರಾಟಗಾರರಿಗೆ ಇಷ್ಟ, ನೋಂದಣಿ ಅಧಿಕಾರಿಗೆ ಕಷ್ಟ. ‘ಗಟ್ಟಿ ಬೀಗ’ ಎಂಬ ಪದವನ್ನು ಬೀಗ ಮಾಡುವ ಯಾರಿಂದಲೂ ಕಿತ್ತುಕೊಳ್ಳಲಾಗದು. ವಸ್ತುವಿಗೆ ಸಂಬಂಧವೇ ಇಲ್ಲದ ಪದ ಗಟ್ಟಿ. ಕಂಪ್ಯೂಟರಿಗೆ ಆ್ಯಪಲ್ ಎಂದಂತೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಹೊಸದಾಗಿ ಸೃಷ್ಟಿಸಿದ ಪದ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಬಳಕೆಗೆ ತಂದ ‘ಕೊಡಾಕ್’ ಎಂಬುದಕ್ಕೆ ಯಾವ ಅರ್ಥವೂ ಇರಲಿಲ್ಲ, ಅದೇ ಅದರ ಶಕ್ತಿ.

ಮೂರು ನಾಲ್ಕು ಹೆಸರುಗಳನ್ನು ಆರಿಸಿ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲೂ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಬ್ರ್ಯಾಂಡ್ ಕೋಶದಲ್ಲೂ ಹುಡುಕಿ. ಅಕ್ಷರ ಒಂದೇ ಆಗಿರಬೇಕೆಂದಿಲ್ಲ. ಉಚ್ಚಾರಣೆ, ಅರ್ಥ, ನೋಟ ಹತ್ತಿರವಿದ್ದರೂ ತೊಡಕೇ. ಟ್ರೇಡ್‌ಮಾರ್ಕ್ ಅರ್ಜಿಗೆ ಸರಕು, ಸೇವೆಗಳನ್ನು ವಿಂಗಡಿಸುವ ನೈಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ, ಮೊದಲ 34 ಸರಕುಗಳಿಗೆ, ಉಳಿದ 11 ಸೇವೆಗಳಿಗೆ. ಇಂದಿನ ವ್ಯವಹಾರವನ್ನೂ ಮುಂದೆ ಖಂಡಿತ ಕಾಲಿಡುವ ವ್ಯವಹಾರವನ್ನೂ ಸೇರಿಸಿ, ಆಸೆಗೆ ಬಿದ್ದು ಎಲ್ಲವನ್ನೂ ಅಲ್ಲ. ಬಳಸದೆ ಬಿಟ್ಟ ನೋಂದಣಿಯನ್ನು ರದ್ದುಪಡಿಸಲು ಇತರರು ಕೇಳಬಹುದು. ಯುರೋಪ್ ಒಕ್ಕೂಟದಲ್ಲಿ ಸತತ ಐದು ವರ್ಷ ಬಳಸದಿದ್ದರೆ ಹೀಗೆ ಕೇಳಬಹುದು. ಅಮೆರಿಕ, ಬ್ರಿಟನ್‌ನಂಥ ಕಡೆ ಬಳಕೆಯಿಂದಲೂ ಸ್ವಲ್ಪ ಹಕ್ಕು ಹುಟ್ಟುತ್ತದೆ. ಚೀನಾದಲ್ಲಿ ಮುಖ್ಯವಾಗುವುದು ಯಾರು ಮೊದಲು ಅರ್ಜಿ ಹಾಕಿದರು ಎಂಬುದು. ಆದ್ದರಿಂದ ಸರಕನ್ನು ಎಲ್ಲಿ ತಯಾರಿಸುತ್ತೀರೋ ಅಲ್ಲಿಯೂ ಅರ್ಜಿ ಹಾಕಿ, ಮಾರುವಲ್ಲಿ ಮಾತ್ರವಲ್ಲ.

ಹೆಸರು ತೀರಾ ಜನಪ್ರಿಯವಾದಾಗ ಬರುವ ಅಪಾಯವೂ ಇದೆ. ‘ಎಸ್ಕಲೇಟರ್’ ಒಂದು ಕಾಲಕ್ಕೆ ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್. ಕಂಪನಿಯೇ ಅದನ್ನು ಸಾಮಾನ್ಯ ಪದದಂತೆ ಬಳಸುತ್ತಿತ್ತು. 1950ರಲ್ಲಿ ಅಮೆರಿಕದಲ್ಲಿ ಹಕ್ಕು ಹೋಯಿತು. ನಿಮ್ಮ ಬ್ರ್ಯಾಂಡ್ ಹೆಸರಿನ ಜೊತೆಗೆ ವಸ್ತುವಿನ ಸಾಮಾನ್ಯ ಹೆಸರನ್ನೂ ಸದಾ ಬಳಸಿ, ಅದನ್ನು ಕ್ರಿಯಾಪದವಾಗಿಸಬೇಡಿ.

ಆರನೆಯ ಹೆಜ್ಜೆ: ವಿನ್ಯಾಸ ಮತ್ತು ಕೃತಿಸ್ವಾಮ್ಯ

ವಿನ್ಯಾಸಕ್ಕೂ ತೋರಿಸುವ ಮೊದಲು ಅರ್ಜಿ ಎಂಬ ನಿಯಮವೇ ಸುರಕ್ಷಿತ. ಇಲ್ಲಿ ಚಿತ್ರಗಳೇ ಹಕ್ಕಿನ ಎಲ್ಲೆ, ಅವುಗಳಿಗೆ ಖರ್ಚು ಮಾಡಿ.

ಕೃತಿಸ್ವಾಮ್ಯ 1886ರ ಬರ್ನ್ ಒಪ್ಪಂದದ ದೇಶಗಳಲ್ಲಿ ಕೃತಿ ರಚಿಸಿದೊಡನೆ ತಾನಾಗಿ ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಆದರೂ ನೋಂದಣಿಯ ಸೌಲಭ್ಯ ಇರುವ ಕಡೆ ಮುಖ್ಯ ಕೃತಿಗಳನ್ನು ನೋಂದಾಯಿಸುವುದು ಒಳ್ಳೆಯದು. ಅಮೆರಿಕದ ಕೃತಿಗೆ ಅಲ್ಲಿ ದಾವೆ ಹೂಡಲು ನೋಂದಣಿ ಅಗತ್ಯ. ದಿನಾಂಕ ಸಹಿತ ಕರಡುಗಳು, ಮೂಲ ಕಡತಗಳು, ಸಂಕೇತದ ಬದಲಾವಣೆಗಳ ಇತಿಹಾಸ ಇವೇ ನಿಮ್ಮ ಸಾಕ್ಷಿಗಳು.

ಏಳನೆಯ ಹೆಜ್ಜೆ: ಗಡಿಯಾಚೆಗೆ

ಟ್ರೇಡ್‌ಮಾರ್ಕ್ ಮತ್ತು ವಿನ್ಯಾಸಗಳಿಗೆ, ಮೊದಲ ಅರ್ಜಿಯ ದಿನಾಂಕವನ್ನು ಬೇರೆ ದೇಶಗಳಲ್ಲೂ ಉಳಿಸಿಕೊಳ್ಳಲು, ಪ್ಯಾರಿಸ್ ಒಪ್ಪಂದ ಕೊಡುವ ಅವಧಿ 6 ತಿಂಗಳು ಮಾತ್ರ. ಪೇಟೆಂಟಿನ 12 ತಿಂಗಳ ಜೊತೆ ಬೆರೆಸಿಕೊಳ್ಳಬೇಡಿ. ಮ್ಯಾಡ್ರಿಡ್ ವ್ಯವಸ್ಥೆಯ ಮೂಲಕ ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳಬಹುದು, ನವೀಕರಣ 10 ವರ್ಷಕ್ಕೊಮ್ಮೆ. ಮೊದಲ 5 ವರ್ಷಗಳೊಳಗೆ ಮೂಲ ದೇಶದ ನೋಂದಣಿ ಬಿದ್ದುಹೋದರೆ ಅಂತರರಾಷ್ಟ್ರೀಯ ನೋಂದಣಿಯೂ ಬೀಳುತ್ತದೆ. ಆಗ ಪ್ರತಿ ದೇಶದಲ್ಲೂ ರಾಷ್ಟ್ರೀಯ ಅರ್ಜಿಯಾಗಿ ಬದಲಾಯಿಸಿಕೊಳ್ಳಲು ಅವಕಾಶವಿದೆ, ಅದರ ಗಡುವು ಚಿಕ್ಕದು. ವಿನ್ಯಾಸಗಳಿಗೂ ಹೀಗೆ ಒಂದೇ ಅರ್ಜಿ ಹಾಕಲು ಹೇಗ್ ವ್ಯವಸ್ಥೆ ಇದೆ.

ಎಂಟನೆಯ ಹೆಜ್ಜೆ: ಕಾವಲು, ಪತ್ರ, ದಾವೆ

ಹಕ್ಕು ಕೊಟ್ಟ ಕಚೇರಿ ನಿಮ್ಮ ಪರವಾಗಿ ಕಾವಲು ಕಾಯುವುದಿಲ್ಲ. ತಿಂಗಳಿಗೊಮ್ಮೆ ಹೊಸ ಟ್ರೇಡ್‌ಮಾರ್ಕ್ ಅರ್ಜಿಗಳನ್ನು ನೋಡಿ. ಪ್ರಕಟಣೆಯ ನಂತರ ಆಕ್ಷೇಪ ಸಲ್ಲಿಸಲು ಸಿಗುವ ಅವಧಿ ಚಿಕ್ಕದು, ಆದರೆ ಆಗಿನ ಖರ್ಚು ಆಮೇಲಿನ ದಾವೆಗಿಂತ ಎಷ್ಟೋ ಕಡಿಮೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ನಿಮ್ಮ ಚಿತ್ರಗಳನ್ನು ಹುಡುಕಿ. ಅನೇಕ ದೇಶಗಳ ಕಸ್ಟಮ್ಸ್ ಇಲಾಖೆಯಲ್ಲಿ ಟ್ರೇಡ್‌ಮಾರ್ಕ್ ದಾಖಲಿಸಿದರೆ ನಕಲಿ ಸರಕನ್ನು ಗಡಿಯಲ್ಲೇ ತಡೆಹಿಡಿಯುತ್ತಾರೆ. ನಿಮ್ಮ ಹೆಸರನ್ನು ದುರುದ್ದೇಶದಿಂದ ಡೊಮೇನ್ ಮಾಡಿಕೊಂಡವರ ವಿರುದ್ಧ 1999ರಿಂದ ಜಾರಿಯಲ್ಲಿರುವ ಯುಡಿಆರ್‌ಪಿ ವಿಧಾನದಲ್ಲಿ ನ್ಯಾಯಾಲಯಕ್ಕೆ ಹೋಗದೆಯೇ ದೂರು ಕೊಡಬಹುದು.

ನಕಲು ಕಣ್ಣಿಗೆ ಬಿದ್ದ ದಿನ ಸಿಟ್ಟು ಬರುತ್ತದೆ, ಅದು ನ್ಯಾಯವೇ. ಆದರೂ ಮೊದಲು ಸಾಕ್ಷಿ. ಪುಟದ ಚಿತ್ರವನ್ನು ದಿನಾಂಕ ಸಹಿತ ಉಳಿಸಿ, ಒಂದು ವಸ್ತುವನ್ನು ಕೊಂಡು ರಸೀದಿಯೊಡನೆ ಎತ್ತಿಡಿ. ನೀವು ದೂರಿದೊಡನೆ ಆ ಪುಟ ಮಾಯವಾಗಬಹುದು. ಎರಡನೆಯದು, ನಿಮ್ಮ ಹಕ್ಕು ಜೀವಂತವಾಗಿದೆಯೇ, ಆ ದೇಶದಲ್ಲಿದೆಯೇ, ಎದುರಿನವರು ನಿಮಗಿಂತ ಮೊದಲೇ ಬಳಸುತ್ತಿದ್ದರೇ ಎಂದು ಪರಿಶೀಲಿಸಿ. ಆಮೇಲೆ ಪತ್ರ. ಬ್ರಿಟನ್, ಆಸ್ಟ್ರೇಲಿಯಾ, ಭಾರತದಂಥ ದೇಶಗಳಲ್ಲಿ ಆಧಾರವಿಲ್ಲದೆ ದಾವೆಯ ಬೆದರಿಕೆ ಹಾಕಿದವರ ಮೇಲೆಯೇ ದಾವೆ ಹೂಡಬಹುದು. ಹಾಗಾಗಿ ಲೀಗಲ್ ನೋಟಿಸನ್ನು ವಕೀಲರು ನೋಡದೆ ಕಳಿಸಬೇಡಿ. ಎಷ್ಟೋ ಬಾರಿ ಎದುರಿನವರಿಗೆ ವಿಷಯವೇ ತಿಳಿದಿರುವುದಿಲ್ಲ, ಒಂದು ಸೌಮ್ಯ ಪತ್ರಕ್ಕೆ ನಿಲ್ಲಿಸುತ್ತಾರೆ. ಕೆಲವರು ಒಳ್ಳೆಯ ಪರವಾನಗಿದಾರರೂ ಆಗುತ್ತಾರೆ. ಹಾಗೆ ಪರವಾನಗಿ ಕೊಟ್ಟರೆ ಯಾವ ಪ್ರದೇಶ, ಎಷ್ಟು ಅವಧಿ, ಇತರರಿಗೂ ಕೊಡಬಹುದೇ ಎಂಬುದನ್ನು ಬರೆಯಿರಿ. ಟ್ರೇಡ್‌ಮಾರ್ಕ್ ಆದರೆ ಗುಣಮಟ್ಟ ಪರೀಕ್ಷಿಸುವ ಅಧಿಕಾರ ನಿಮ್ಮಲ್ಲೇ ಇರಲಿ.

ಉಳಿದದ್ದು ದಿನಾಂಕಗಳ ಕೆಲಸ. ಪೇಟೆಂಟಿನ ಶುಲ್ಕ ಬಹುತೇಕ ದೇಶಗಳಲ್ಲಿ ವರ್ಷಕ್ಕೊಮ್ಮೆ. ಅಮೆರಿಕದಲ್ಲಿ ಪೇಟೆಂಟ್ ದೊರೆತ ಮೇಲೆ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಗಳಿಗೆ. ಕಟ್ಟದಿದ್ದರೆ ಹಕ್ಕು ಸದ್ದಿಲ್ಲದೆ ಮುಗಿಯುತ್ತದೆ. ನೆನಪೋಲೆ ಬರುವ ಇಮೇಲ್ ಒಬ್ಬ ವ್ಯಕ್ತಿಯದ್ದಾಗಿರಬಾರದು, ಏಕೆಂದರೆ ಆ ವ್ಯಕ್ತಿ ಕೆಲಸ ಬಿಟ್ಟ ದಿನ ಆ ಖಾತೆಯೂ ಮುಚ್ಚುತ್ತದೆ. ಕಂಪನಿಯ ಹೆಸರಿನಲ್ಲಿ ಒಂದು ಪ್ರತ್ಯೇಕ ವಿಳಾಸ ಮಾಡಿ, ಅದನ್ನು ಕನಿಷ್ಠ ಇಬ್ಬರು ನೋಡಲಿ, ಎಲ್ಲ ಕಚೇರಿಗಳ ದಾಖಲೆಯಲ್ಲೂ ಅದೇ ವಿಳಾಸ ಇದೆಯೇ ಎಂದು ಈ ವಾರವೇ ನೋಡಿ.